ಅಪ್‌ಡೇಟ್: ಕರೆಂಟ್ ಹೋಗಿ ಬಂದ ಮೇಲೆ ಈಥರ್ನೆಟ್ ಲಿಂಕ್ ಬಾರದ್ದು ಯಾಕೆಂದರೆ

ನಾನು ಹಿಂದೆ ಇಲ್ಲಿ ಕೇಳಿದ್ದು ಇಷ್ಟು: ಸೋಮವಾರಪೇಟೆ ಕಾಫಿ ತೋಟದ ಮಳೆಮಾಪಕದ ಬೋರ್ಡಿನಲ್ಲಿ ಎಲ್‌ಎಎನ್8720ಎ ಚಿಪ್ (ಬೋರ್ಡನ್ನು ನೆಟ್‌ವರ್ಕ್ ಕೇಬಲ್ಲಿಗೆ ಜೋಡಿಸುವ ಈಥರ್ನೆಟ್ ಚಿಪ್) ಇದೆ, ಕರೆಂಟ್ ಮಿಣುಕಿದರೆ ಸಾಕು, ಲಿಂಕ್ ಸತ್ತಂತೆ. ಈಗ ಸರಿಯಾಗಿದೆ.

ತಕರಾರು ಚಿಪ್ಪನ್ನು ಹೊಸದಾಗಿ ಶುರುಮಾಡಿಸುವ ರಿಸೆಟ್ ಪಿನ್ನಿನದು. ಅದಕ್ಕೆ ಹಾಕಿದ್ದ 10 ಕಿಲೋ ಓಮ್ ರೆಸಿಸ್ಟರ್, 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಜೋಡಿ (ಆರ್‌ಸಿ) ಮೊದಲ ಸಲ ಪವರ್ ಕೊಟ್ಟಾಗ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ 3.3 ವೋಲ್ಟ್ ಕ್ಷಣಕಾಲ ಕುಸಿದರೆ ಕೆಪಾಸಿಟರ್ ಖಾಲಿಯಾಗಲು ಪುರಸೊತ್ತೇ ಸಿಗುವುದಿಲ್ಲ, ಚಿಪ್ ಅರೆಪ್ರಜ್ಞೆಯಲ್ಲೇ ಉಳಿಯುತ್ತದೆ. ಕೆಪಾಸಿಟರ್ ಬೇಗ ಖಾಲಿಯಾಗಲೆಂದು ರೆಸಿಸ್ಟರಿಗೆ ಅಡ್ಡಲಾಗಿ ಡಯೋಡ್ ಹಾಕಿದರೆ ಅರ್ಧ ಪರಿಹಾರ ಅಷ್ಟೇ. ಆರ್‌ಸಿ ಕಿತ್ತು ವೋಲ್ಟೇಜ್ ಕಾಯುವ ಮ್ಯಾಕ್ಸ್803ಎಸ್ ಎಂಬ ಪುಟ್ಟ ಚಿಪ್ ಹಾಕಿದೆ: 2.93 ವೋಲ್ಟಿಗಿಂತ ಇಳಿದರೆ ರಿಸೆಟ್ ಕೆಳಗೆಳೆಯುತ್ತದೆ, ವೋಲ್ಟೇಜ್ ಮರಳಿದ ಮೇಲೂ ಕನಿಷ್ಠ 140 ಮಿಲಿಸೆಕೆಂಡ್ ಹಿಡಿದಿರುತ್ತದೆ. ಈಥರ್ನೆಟ್ ಚಿಪ್ಪಿಗೆ 100 ಮೈಕ್ರೋಸೆಕೆಂಡ್ ಪಲ್ಸ್ ಸಾಕು, ಹಾಗಾಗಿ ಧಾರಾಳ.

ಮ್ಯಾಕ್ಸ್803ಎಸ್‌ನ ಔಟ್‌ಪುಟ್ ಓಪನ್ ಡ್ರೈನ್ (ಗೆರೆಯನ್ನು ಕೆಳಗೆಳೆಯುತ್ತದೆ, ಮೇಲಕ್ಕೆ ತಳ್ಳುವುದಿಲ್ಲ) ಆದ್ದರಿಂದ ಪ್ರೊಸೆಸರಿನ ಪಿನ್ನನ್ನೂ ಓಪನ್ ಡ್ರೈನ್ ಮಾಡಿ ಅದೇ ಗೆರೆಗೆ ಸೇರಿಸಬಹುದು. ಗೆರೆಯನ್ನು ಮೇಲಿಡುವ ಪುಲ್‌ಅಪ್ ರೆಸಿಸ್ಟರ್ ಮಾತ್ರ ವಿಡಿಡಿಐಒಗೇ (ಈಥರ್ನೆಟ್ ಚಿಪ್ಪಿನ ಸಿಗ್ನಲ್ ಪಿನ್ನುಗಳ ಪವರ್) ಹೋಗಬೇಕು. ಪ್ರೊಸೆಸರ್ 1.8 ವೋಲ್ಟಿನದಾದರೆ ವಿಡಿಡಿಐಒ ಕೂಡ 1.8 ಇರಲಿ, 3.3ರ ಇನ್‌ಪುಟ್‌ಗಳಿಗೆ ಸಾಮಾನ್ಯವಾಗಿ 2 ವೋಲ್ಟಾದರೂ ಬೇಕು, 1.8 ಸಾಲದು.

ಇನ್ನೊಂದು, ಯಾರೂ ಹೇಳದಿದ್ದದ್ದು: ರಿಸೆಟ್ ಬಿಡುವ ಗಳಿಗೆಯಲ್ಲೇ ಆರ್‌ಎಕ್ಸ್‌ಡಿ0, ಆರ್‌ಎಕ್ಸ್‌ಡಿ1, ಸಿಆರ್‌ಎಸ್‌ಡಿವಿ ಎಂಬ ತನ್ನ ಮೂರು ಪಿನ್ನುಗಳನ್ನು ಓದಿ ಈಥರ್ನೆಟ್ ಚಿಪ್ ತನ್ನ ಮೋಡ್ ನಿರ್ಧರಿಸುತ್ತದೆ. ಪ್ರೊಸೆಸರ್ ಆಗ ಮೂರನ್ನೂ ಕೆಳಗೆಳೆದಿದ್ದರೆ ಆಟೋ ನೆಗೋಶಿಯೇಶನ್ (ಎರಡೂ ತುದಿ ವೇಗವನ್ನು ತಾವೇ ಹೊಂದಿಸಿಕೊಳ್ಳುವುದು) ಇಲ್ಲದ 10 ಮೆಗಾಬಿಟ್ ಹಾಫ್ ಡ್ಯೂಪ್ಲೆಕ್ಸೇ (ಒಮ್ಮೆಗೆ ಒಂದೇ ದಿಕ್ಕು) ಗತಿ.