ಸ್ಟೇಜ್ ಹತ್ತಿದರೆ ಮಾತೇ ಹೊರಡಲ್ಲ, ಲೀಡರ್ ಆಗಬಹುದಾ?

ಕೋಡಿಬಾಗ್ ಹುಡುಗಿ:
ಕಾರವಾರದಲ್ಲಿ ಬಿಕಾಂ ಎರಡನೇ ವರ್ಷ ಓದ್ತಿದ್ದೇನೆ. ಮನೆಮಾತು ಕೊಂಕಣಿ. ಸ್ಟೇಜ್ ಹತ್ತಿದರೆ ಕನ್ನಡ ಗಂಟಲಲ್ಲೇ ಉಳಿಯುತ್ತದೆ. ಈ ಸಲದ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಶಿಬಿರದಲ್ಲಿ ಒಂದು ತಂಡದ ಲೀಡರ್ ಆಗು ಅಂತ ಸರ್ ಹೇಳಿದ್ದಾರೆ. ಒಪ್ಪಿಕೊಳ್ಳಲಾ?

ಅಘನಾಶಿನಿ ದಂಡೆ:
ಒಪ್ಪಿಕೋ ತಂಗಿ. ನನಗೆ ಮಾತಿಗೇನೂ ಬರವಿರಲಿಲ್ಲ. ಶಿರಸಿಯಲ್ಲಿ ಡಿಗ್ರಿ ಓದುವಾಗ ಭಾಷಣ ಸ್ಪರ್ಧೆ ಅಂದರೆ ನನ್ನದೇ ಹೆಸರು. ಅದನ್ನು ನೋಡಿಯೇ ನನ್ನನ್ನು ಲೀಡರ್ ಮಾಡಿದ್ದರು.

ಶಿಬಿರದಲ್ಲಿ ನಮ್ಮ ಪಾಲಿಗೆ ಬಂದದ್ದು ಹಳ್ಳಕ್ಕೆ ಕಟ್ಟ ಕಟ್ಟುವ ಕೆಲಸ. ಸಿಮೆಂಟಿನ ಖಾಲಿ ಚೀಲಕ್ಕೆ ಮಣ್ಣು ತುಂಬಿ ಅಡ್ಡ ಪೇರಿಸಿದರೆ ನೀರು ನಿಂತು, ಬೇಸಿಗೆಯಲ್ಲಿ ಪಕ್ಕದ ಅಡಿಕೆ ತೋಟದ ಬಾವಿ ಬತ್ತುವುದು ತಡವಾಗುತ್ತದೆ. ಸಾಲಾಗಿ ನಿಂತು ಚೀಲವನ್ನು ಕೈಯಿಂದ ಕೈಗೆ ದಾಟಿಸಬೇಕು. ನಾನು ದಂಡೆಯ ಮೇಲೆ ನಿಂತು 'ಬೇಗ, ಬೇಗ' ಅಂತ ಕೂಗುತ್ತಿದ್ದೆ. ಸಾಲಿನ ನಡುವೆ ಒಂದೇ ಜಾಗದಲ್ಲಿ ಚೀಲ ಮತ್ತೆ ಮತ್ತೆ ಬೀಳುತ್ತಿತ್ತು. ಅಲ್ಲಿದ್ದವನನ್ನು ಎಲ್ಲರೆದುರು ಬೈದೆ. ಅವನು ಮಾತಾಡದೆ ಹೋಗಿ ಬಂಡೆಯ ಮೇಲೆ ಕೂತ. ಇನ್ನಿಬ್ಬರು ಅವನ ಹಿಂದೆ ಹೋದರು. ಕೆಲಸ ನಿಂತಿತು.

ತೋಟದ ಅಜ್ಜ ನೋಡುತ್ತಿದ್ದರು. 'ತಮಾ, ಇಳಿದು ಅವನ ಜಾಗದಲ್ಲಿ ನಿಲ್ಲು' ಅಂದರು. ನಿಂತೆ. ಕಾಲಡಿ ಪಾಚಿ ಹಿಡಿದ ಓರೆ ಕಲ್ಲು. ಮೇಲಿನವನು ಎತ್ತರದ ಹುಡುಗ, ಚೀಲವನ್ನು ಎದೆಮಟ್ಟಕ್ಕೆ ಕೊಡುತ್ತಿದ್ದ. ಹಿಡಿದು ತಿರುಗಿದರೆ ಕಾಲು ಜಾರುತ್ತಿತ್ತು. ಮೂರನೇ ಚೀಲ ನನ್ನ ಕೈಯಿಂದಲೂ ಬಿತ್ತು. ನೇರ ಅವನ ಹತ್ತಿರ ಹೋಗಿ ತಪ್ಪಾಯ್ತು ಅಂದೆ, ಬೈದಷ್ಟೇ ಗಟ್ಟಿಯಾಗಿ. ಎತ್ತರ ನೋಡಿ ಸಾಲು ಬದಲಿಸಿದೆವು, ಚೀಲ ಅರ್ಧ ಮಾತ್ರ ತುಂಬಿದೆವು. ಅರ್ಧ ತುಂಬೋಣ ಅಂದವನು ಅವನೇ. ಅದನ್ನು ಬೆಳಿಗ್ಗೆಯೇ ಹೇಳಬೇಕೆಂದಿದ್ದನಂತೆ, ನನ್ನ ಕೂಗಾಟದಲ್ಲಿ ಬಾಯಿ ಬರಲಿಲ್ಲ. ಸಂಜೆಯೊಳಗೆ ನೀರು ನಿಂತಿತು.

ನಿನ್ನಂಥ ಮಾತು ಕಮ್ಮಿಯವರು ಲೀಡರ್ ಆಗಿದ್ದರೆ ಅವನು ಮೊದಲೇ ಹೇಳುತ್ತಿದ್ದ ಅನಿಸುತ್ತದೆ.

ಸದಾಶಿವಗಡದ ಅಕ್ಕ:
ಅಡುಗೆ ತಂಡ ಕೇಳಿ ತಗೋ. 7 ದಿನ ಅಕ್ಕಿ, ಕಾಯಿ, ಸೌದೆಯ ಲೆಕ್ಕ ಬರೆದು ಪ್ರತಿ ರಾತ್ರಿ ಎಲ್ಲರೆದುರು ಓದು. ನಾನು ಹೆದರಿಕೆ ಬಿಟ್ಟದ್ದು ಹಾಗೇ, ಕೈಯಲ್ಲಿ ಚೀಟಿ ಇರುತ್ತದಲ್ಲ. ಎನ್‌ಎಸ್‌ಎಸ್ ಅಂದರೆ ಶಿಬಿರವೊಂದೇ ಅಲ್ಲ, 2 ವರ್ಷಕ್ಕೆ 240 ಗಂಟೆ ಸೇವೆ. ಕಲಿಯಲು ಹೊತ್ತಿದೆ. 1969ರಲ್ಲಿ ಗಾಂಧೀಜಿ ಜನ್ಮಶತಾಬ್ದಿಗೆ ಶುರುವಾದ ಯೋಜನೆ ಇದು, 'ನನಗಲ್ಲ, ನಿನಗೆ' ಅದರ ಧ್ಯೇಯ.

ಕೋಡಿಬಾಗ್ ಹುಡುಗಿ:
ಸರ್‌ಗೆ ಹೂಂ ಅಂದೆ. ಅಡುಗೆ ತಂಡವೇ ಸಿಕ್ಕಿತು! ಅಕ್ಕಾ, 50 ಜನಕ್ಕೆ ಒಂದು ಹೊತ್ತಿಗೆ ಅಕ್ಕಿ ಎಷ್ಟು ಹಾಕಬೇಕು?

ಸದಾಶಿವಗಡದ ಅಕ್ಕ:
6 ಕೆಜಿ. ಶ್ರಮದಾನದ ದಿನ 7 ಹಾಕು.