ಪದ ಬೇಕು: ಹಕ್ಕಿಯ ‘ವೆಂಟ್’ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಕೆರೆಏರಿ:
ಎಲ್ಲರಿಗೂ ನಮಸ್ಕಾರ. ಭಾನುವಾರ ಹೈಸ್ಕೂಲು ಮಕ್ಕಳನ್ನು ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಹಕ್ಕಿ ನೋಡಲು ಕರೆದುಕೊಂಡು ಹೋಗುತ್ತಿದ್ದೇವೆ. ಅವರ ಕೈಗೆ ಕೊಡಲು ಒಂದು ಹಾಳೆ ಮಾಡಿದ್ದೇನೆ. ಹಕ್ಕಿಯ ಚಿತ್ರ, ಒಂದೊಂದು ಭಾಗಕ್ಕೂ ಬಾಣ. ಕೊಕ್ಕು, ಜುಟ್ಟು, ಹುಬ್ಬುಗೆರೆ, ರೆಕ್ಕೆಪಟ್ಟಿ ಎಲ್ಲ ಆಯಿತು. ‘ವೆಂಟ್’ (ಹಿಕ್ಕೆ ಹಾಕುವ ಜಾಗ) ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ. ರೆಡ್‌ವೆಂಟೆಡ್ ಬುಲ್ಬುಲ್‌ಗೆ ‘ಕೆಂಪು ಕಿಬ್ಬೊಟ್ಟೆಯ ಪಿಕಳಾರ’ ಅಂತ ಬಳಕೆ ಇದೆ. ಆದರೆ ಕಿಬ್ಬೊಟ್ಟೆ ಅಂದರೆ ಮಕ್ಕಳು ಹೊಟ್ಟೆ ನೋಡುತ್ತಾರೆ, ಅಲ್ಲಿ ಕೆಂಪೇ ಇಲ್ಲ. ಸಂಜೆ ಐದಕ್ಕೆ ಪ್ರೆಸ್ಸಿಗೆ ಕೊಡಬೇಕು.

ಓಲೆಗರಿ:
ಪೃಷ್ಠ. ಇದರಲ್ಲಿ ಚರ್ಚೆಗೆ ಏನಿದೆ? ‘ಪಿಕಳಾರ’ವೇ ಸಂಸ್ಕೃತದ ‘ಪಿಕ’ದಿಂದ ಬಂದದ್ದು. ಹೆಸರಿಗೆ ತಕ್ಕ ವಿಶೇಷಣ ಆಗುತ್ತದೆ.

ಅಚ್ಚಕನ್ನಡಿಗ:
‘ಕೆಂಪುಪೃಷ್ಠ’ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆಸೆದದ್ದು. ಆಗದು. ‘ಕುಂಡೆ’ ಅನ್ನಲು ಯಾಕಿಷ್ಟು ಮುಜುಗರ? ಬಾಲ ಕುಣಿಸುವ ಹಕ್ಕಿಗೆ ನಮ್ಮ ಜನ ಕುಂಡೆಕುಸ್ಕ ಅಂತಲೇ ಹೆಸರಿಟ್ಟಿದ್ದಾರೆ. ಹಳ್ಳಿಯವರಿಗಿಲ್ಲದ ನಾಚಿಕೆ ಹಾಳೆ ಬರೆಯುವವರಿಗೆ.

ಓಲೆಗರಿ:
‘ಕೆಂಪು ಪೃಷ್ಠದ’ ಎಂದು ಬಿಡಿಸಿ ಬರೆದರೆ ಅದು ಸಮಾಸವೇ ಅಲ್ಲ. ಇಷ್ಟಕ್ಕೂ ಬಿರುದಾವಳಿಯಲ್ಲಿ ಅರಿಸಮಾಸ ನಡೆಯುತ್ತದೆ ಅಂತ ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನೇ ಒಪ್ಪಿದ್ದಾನೆ. ವೀರರಿಗೆ ಕೊಟ್ಟ ರಿಯಾಯಿತಿ ಒಂದು ಹಕ್ಕಿಗೂ ಇರಲಿ.

ಲಂಟಾನ:
ಇಬ್ಬರೂ ಸ್ವಲ್ಪ ದುರ್ಬೀನು ಹಿಡಿಯಬೇಕು. ಪೃಷ್ಠ, ಕುಂಡೆ ಎರಡೂ ಹಿಂಬದಿಯನ್ನೇ ಹೇಳುತ್ತವೆ, ಮೇಲೋ ಕೆಳಗೋ ಹೇಳುವುದಿಲ್ಲ. ಹಕ್ಕಿಯಲ್ಲಿ ಇವು ಬೇರೆ ಬೇರೆ ಜಾಗ. ಬೆನ್ನು ಮುಗಿದು ಬಾಲ ಶುರುವಾಗುವ ಮೇಲ್ಭಾಗ ‘ರಂಪ್’. ಕೆಳಗಡೆ, ಹಿಕ್ಕೆಗೂ ಮೊಟ್ಟೆಗೂ ಇರುವ ಒಂದೇ ದ್ವಾರದ ಸುತ್ತಲ ಜಾಗ ‘ವೆಂಟ್’. ನೀವು ಕೇಳುತ್ತಿರುವ ಹಕ್ಕಿಗೆ ಕೆಳಗೆ ಕೆಂಪು, ಮೇಲೆ ಬಿಳಿ. ಹಾರಿಹೋಗುವಾಗ ನಮಗೆ ಮೊದಲು ಕಾಣುವುದೇ ಆ ಬಿಳಿ. ‘ಕೆಂಪು ಪೃಷ್ಠ’ ಅಂತ ಓದಿಕೊಂಡ ಹುಡುಗ ಬಿಳಿ ನೋಡಿ ‘ಇದಲ್ಲ ಬಿಡು’ ಅಂತ ಮುಂದೆ ಹೋಗುತ್ತಾನೆ.

ಇನ್ನೊಂದು ತಾಪತ್ರಯ. ಕೆಮ್ಮೀಸೆ ಪಿಕಳಾರಕ್ಕೂ ಬಾಲದ ಕೆಳಗೆ ಕೆಂಪೇ. ಮರಿಗಳಿಗೆ ಕೆನ್ನೆಯ ಕೆಂಪು ಮೂಡಿರುವುದಿಲ್ಲ. ಹಾಗಾಗಿ ಬರೀ ಈ ಗುರುತು ನಂಬಿಕೊಂಡರೆ ಮಕ್ಕಳು ಎರಡನ್ನೂ ಒಂದೇ ಮಾಡುತ್ತಾರೆ. ಜುಟ್ಟು ನೋಡಲು ಹೇಳಿ. ಕೆಮ್ಮೀಸೆಯದು ಚೂಪು, ನೆಟ್ಟಗೆ. ಇದರದು ಮೋಟು. ತಲೆ ಕಪ್ಪು, ಮೈಮೇಲೆ ಮೀನಿನ ಹುರುಪೆಯಂಥ ಗೆರೆಗಳು. ಪದ ಕೇಳಿದಿರಲ್ಲ: ‘ಬಾಲದಡಿ’.

ಅಚ್ಚಕನ್ನಡಿಗ:
ಬಾಲದಡಿ ಸರಿ. ಆದರೆ ‘ಕೆಂಬಾಲದಡಿ’ ಅಂತ ಯಾರೂ ಸೇರಿಸಬೇಡಿ, ಬಾಲವೇ ಕೆಂಪಾಗುತ್ತದೆ. ಓಲೆಗರಿಯವರ ‘ಪಿಕ’ದ ಕತೆ ಬಿಡಿ. ಪಿಕ ಅಂದರೆ ಕೋಗಿಲೆ. ಎರಡು ಅಕ್ಷರ ಹೊಂದಿದ ಮಾತ್ರಕ್ಕೆ ನಂಟಸ್ತಿಕೆ ಆಗುವುದಿಲ್ಲ. ಉಳಿದ ‘ಳಾರ’ ಎಲ್ಲಿಂದ ಬಂತು?

ತಾಳಮದ್ದಳೆ:
ಅದಕ್ಕಿಂತ ದೊಡ್ಡ ತಮಾಷೆ ಇದೆ. ‘ಪಿಕ’ ಸಂಸ್ಕೃತದ್ದು ಅಂತ ವೇದವಾಕ್ಯಗಳ ಅರ್ಥ ವಿಚಾರಿಸುವ ಮೀಮಾಂಸಕರೇ ಒಪ್ಪಿಲ್ಲ. ಪಿಕ, ನೇಮ, ತಾಮರಸ ಇವೆಲ್ಲ ಮ್ಲೇಚ್ಛರ ಮಾತು, ಅವರು ಯಾವ ಅರ್ಥದಲ್ಲಿ ಆಡುತ್ತಾರೋ ಅದನ್ನೇ ಹಿಡಿಯಿರಿ ಅಂತ ಅವರ ಭಾಷ್ಯಕಾರ ಶಬರಸ್ವಾಮಿಯ ತೀರ್ಮಾನ. ಹಿತ್ತಿಲಲ್ಲಿ ಹಕ್ಕಿ ನೋಡುವವನ ಬಾಯಲ್ಲಿ ಏನಿದೆಯೋ ಅದು ಪದ.

ಓಲೆಗರಿ:
ಹಾಗಾದರೆ ‘ವೆಂಟ್’ ಅಂತಲೇ ಬರೆಯಿರಿ. ಹಕ್ಕಿ ನೋಡುವವರ ಬಾಯಲ್ಲಿ ಇರುವುದು ಅದೇ ತಾನೆ?

ಲಂಟಾನ:
ವಾರವಾರ ಹೋಗುವವರ ಬಾಯಲ್ಲಿ, ಹೌದು. ‘ಬರ್ಡಿಂಗ್’, ‘ಕಾಲ್’, ‘ಲೈಫರ್’ (ಜೀವನದಲ್ಲಿ ಮೊದಲ ಸಲ ಕಂಡ ಹಕ್ಕಿ) ಎಲ್ಲ ಅಲ್ಲಿ ಓಡುತ್ತದೆ, ನನಗೇನೂ ತಕರಾರಿಲ್ಲ. ‘ಬುಲ್ಬುಲ್’ ಇಂಗ್ಲಿಷಿಗೆ ಹೋದದ್ದೂ ಪಾರಸಿಯಿಂದ. ಅಲ್ಲಿ ಅದು ಬೇರೆಯೇ ಹಾಡುಹಕ್ಕಿ, ನೈಟಿಂಗೇಲ್. ಜೀವಿಗಳಿಗೆ ಶಾಸ್ತ್ರೀಯ ಹೆಸರಿಡುತ್ತಿದ್ದ ಲಿನೇಯಸ್ 1766ರಲ್ಲಿ ನಮ್ಮ ಈ ಹಕ್ಕಿಗೆ ‘ಕೇಫರ್’ ಅಂತ ಹೆಸರಿಟ್ಟ, ದಕ್ಷಿಣ ಆಫ್ರಿಕದ್ದು ಅಂದುಕೊಂಡು. ಅದು ಅಲ್ಲಿನದಲ್ಲ. ಹೆಸರು ಮಾತ್ರ ಇವತ್ತಿಗೂ ಅದೇ. ಸಾಲ ತಂದ ಪದಕ್ಕೆ ಬಡ್ಡಿ ಲೆಕ್ಕ ಹಾಕುತ್ತ ಕೂತರೆ ಯಾವ ಹಕ್ಕಿಯೂ ಉಳಿಯುವುದಿಲ್ಲ. ಆದರೆ ಮೊದಲ ಸಲ ಬರುವ ಮಗುವಿಗೆ ‘ವೆಂಟ್’ ಎಲ್ಲಿ ನೋಡಬೇಕು ಅಂತ ಹೇಳುವುದಿಲ್ಲ, ‘ಬಾಲದಡಿ’ ಹೇಳುತ್ತದೆ. ಅಷ್ಟೇ ನನ್ನ ವಾದ.

ಅಚ್ಚಕನ್ನಡಿಗ:
‘ವಾದ’ ಸಂಸ್ಕೃತ.

ಕೆರೆಏರಿ:
ಸಾಕು ಮಾರಾಯ್ರೇ! ಹಾಳೆ ಪ್ರೆಸ್ಸಿಗೆ ಹೋಯಿತು. ವೆಂಟ್‌ಗೆ ‘ಬಾಲದಡಿ’, ರಂಪ್‌ಗೆ ‘ಬಾಲದ ಮೇಲ್ಬುಡ’. ಜುಟ್ಟಿನ ಬಾಣ ಸ್ವಲ್ಪ ದಪ್ಪ ಮಾಡಿಸಿದ್ದೇನೆ, ಲಂಟಾನ ಅವರೇ. ಹಕ್ಕಿಯ ಹೆಸರು ‘ಕೆಂಪು ಕಿಬ್ಬೊಟ್ಟೆಯ ಪಿಕಳಾರ’ ಅಂತಲೇ ಉಳಿಸಿದ್ದೇನೆ. ಅದು ಚಾಲ್ತಿಯಲ್ಲಿದೆ, ಒಂದು ಹಾಳೆಯಿಂದ ಬದಲಾಗುವುದಿಲ್ಲ. ಪಕ್ಕದಲ್ಲಿ ‘ಕೆಂಪು ಇರುವುದು ಬಾಲದಡಿಯಲ್ಲಿ’ ಅಂತ ಸೇರಿಸಿದ್ದೇನೆ.

ಓಲೆಗರಿ:
‘ಮೇಲ್ಬುಡ’ ಎಂಥ ಪದ? ಬುಡ ಎಲ್ಲಾದರೂ ಮೇಲಿರುತ್ತದೆಯೇ?