ಕಣ್ಣು ಕಾಣದವರಿಗೆ ಫೋಟೊ ನೋಟ್ಸ್ ಕೊಟ್ಟರೆ ಪಾಠ ಮಾಡಿದ ಹಾಗಾ?

ತುಂಗೆಯ ದಂಡೆ: ನಮ್ಮ ಪಕ್ಕದ ಮನೆ ಹುಡುಗಿ ಶಿವಮೊಗ್ಗದಲ್ಲಿ ಕನ್ನಡ ಎಂಎ ಓದುತ್ತಿದ್ದಾಳೆ. ಕಣ್ಣು ಪೂರ್ತಿ ಕಾಣಲ್ಲ. ಟೈಪ್ ಮಾಡಿದ ಅಕ್ಷರವನ್ನು ದನಿಯಲ್ಲಿ ಓದಿ ಹೇಳುವ ಸ್ಕ್ರೀನ್ ರೀಡರ್ ಹಾಕಿಕೊಂಡು ಲ್ಯಾಪ್‌ಟಾಪನ್ನು ನಮಗಿಂತ ಬೇಗ ಓಡಿಸುತ್ತಾಳೆ. ಆದರೆ ಮೇಷ್ಟ್ರು ವಾಟ್ಸಾಪ್ ಗ್ರೂಪಿಗೆ ಹಾಕುವ ನೋಟ್ಸ್ ಒಂದೋ ಪುಸ್ತಕದ ಪುಟದ ಫೋಟೊ, ಇಲ್ಲಾ ನುಡಿ ಅನ್ನೋ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಪಿಡಿಎಫ್. ಎರಡೂ ಅವಳಿಗೆ ಓದೋಕಾಗಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ 5% ಸೀಟು ಕೊಟ್ಟರೆ ಕಾಲೇಜಿನ ಕೆಲಸ ಮುಗೀತಾ? ಇದು ಉದಾಸೀನ ಅಲ್ಲದೆ ಇನ್ನೇನು?

ನಿವೃತ್ತ ಮೇಷ್ಟ್ರು: "ಉದಾಸೀನ" ಅನ್ನುವ ಮಾತಿಗೆ ನನ್ನ ಆಕ್ಷೇಪ ಇದೆ. ಪರೀಕ್ಷೆಗೆ ಸ್ಕ್ರೈಬ್, ಅಂದರೆ ಹೇಳಿದ್ದನ್ನು ಬರೆಯುವವರನ್ನು, ಕೊಡುತ್ತೇವೆ. ಗಂಟೆಗೆ 20 ನಿಮಿಷ ಜಾಸ್ತಿ ಕೊಡುತ್ತೇವೆ, ಮೂರು ಗಂಟೆ ಪೇಪರ್ ಅವರಿಗೆ ನಾಲ್ಕು ಗಂಟೆ. ಇನ್ನೂ ಏನು ಮಾಡಬೇಕಂತೆ?

ಅಡಿಕೆ ಚೊಗರು: "ಕೊಡುತ್ತೇವೆ" ಅಂತೆ! ಮನೆಯಿಂದ ತಂದು ಕೊಟ್ಟಿರಾ ಸಾರ್? 2018ರ ಕೇಂದ್ರದ ಮಾರ್ಗಸೂಚಿಯಲ್ಲೇ ಇದೆ ಅದು. ವರ್ಷವಿಡೀ ಓದೋಕೆ ಏನೂ ಕೊಡದೆ ಪರೀಕ್ಷೆ ದಿನ ಒಂದು ಗಂಟೆ ಕೊಟ್ಟರೆ ಅವಳು ಬರೆಯೋದಾದರೂ ಏನನ್ನ?

ಡಿಟಿಪಿ ಅಣ್ಣ: ನುಡಿ ಮೇಲೆ ಯಾಕೆ ಗೂಬೆ ಕೂರಿಸ್ತೀರಿ? ಸರ್ಕಾರವೇ ಒಪ್ಪಿದ ತಂತ್ರಾಂಶ ಅದು. ಲಗ್ನಪತ್ರಿಕೆಯಿಂದ ಪ್ರಶ್ನೆಪತ್ರಿಕೆವರೆಗೆ ಎಲ್ಲಾ ಅದರಲ್ಲೇ ಮಾಡಿದ್ದೇವೆ. ಯಾರೂ ಓದೋಕಾಗಲ್ಲ ಅಂದಿಲ್ಲ.

ಸಾಗರದ ಸಂತು: "ಯಾರೂ ಅಂದಿಲ್ಲ" ಯಾಕಂದ್ರೆ ನಿಮ್ಮ ಹತ್ತಿರ ಬಂದವರಿಗೆಲ್ಲ ಕಣ್ಣು ಕಾಣ್ತಿತ್ತು ಮಾರಾಯ್ರೆ. ಹಳೆ ನುಡಿ ಫಾಂಟು ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ಹಾಕಿಸಿದ್ದು, ಅಷ್ಟೇ. ನಮಗೆ "ಕನ್ನಡ" ಅಂತ ಕಾಣುತ್ತೆ, ಒಳಗಿರೋದು ಪಿ, ತಲೆ ಮೇಲೆ ಗೀಟಿರೋ ಎ, ಆಮೇಲೆ ಇಂಗ್ಲೆಂಡಿನ ಪೌಂಡ್ ಚಿಹ್ನೆ. ಎನ್‌ವಿಡಿಎ ಅನ್ನೋ ಸ್ಕ್ರೀನ್ ರೀಡರ್ ಪಾಪ ಅದನ್ನೇ ಓದಬೇಕು. ಕನ್ನಡದ ಅಕ್ಷರಗಳಿಗೆ ಅವುಗಳದ್ದೇ ಸಂಕೇತ ಇರೋ ಯೂನಿಕೋಡಿನಲ್ಲಿ ಟೈಪ್ ಮಾಡಿದ್ದರೆ ಅದೇ ಎನ್‌ವಿಡಿಎ, ಅದೂ ಬಿಟ್ಟಿ ಸಿಗೋದು, ಸಲೀಸಾಗಿ ಕನ್ನಡ ಓದುತ್ತೆ. ದನಿ ಸ್ವಲ್ಪ ರೋಬೋಟ್ ತರ, ಇರ್ಲಿ.

ಡಿಟಿಪಿ ಅಣ್ಣ: ವೇಷ ಅಂತೆ. ಯೂನಿಕೋಡ್ ಹಾಕಿದರೆ ಪುಟ ಜೋಡಿಸೋ ಪೇಜ್‌ಮೇಕರಲ್ಲಿ ಒತ್ತಕ್ಷರ ಎಲ್ಲಾ ಚೆಲ್ಲಾಪಿಲ್ಲಿ. ಮುದ್ರಣ ನೀವು ಬಂದು ಮಾಡಿಕೊಡ್ತೀರಾ?

ಸಾಗರದ ಸಂತು: ಪೇಜ್‌ಮೇಕರ್! ಇನ್ನೂ ಅದರಲ್ಲೇ ಇದ್ದೀರಾ?

ಡಿಟಿಪಿ ಅಣ್ಣ: ಇದ್ದೇನೆ. ನಿನ್ನ ಅಪ್ಪನ ಕಾಲದ ಫೈಲೂ ತೆರೆಯುತ್ತೆ.

ಮಳೆಗಾಲ: ನಾನು ವೀಲ್‌ಚೇರಲ್ಲಿ ಓದಿದವಳು, ಒಂದು ಮಾತು. ರ‍್ಯಾಂಪು ಒಂದಡಿ ಏರೋಕೆ ಹನ್ನೆರಡಡಿ ಉದ್ದ ಇರಬೇಕು. ನಮ್ಮ ಕಾಲೇಜಲ್ಲಿ ಸ್ಕೂಟರ್ ಹತ್ತಿಸೋಕೆ ಮಾಡಿದ ಹಾಗಿತ್ತು, ಮೇಲೆ ನಯವಾದ ಟೈಲ್ಸ್ ಬೇರೆ. ಜುಲೈ ಮಳೆಗೆ ಪಾಚಿ ಕಟ್ಟಿದ ಮೇಲೆ ಇಬ್ಬರು ಹಿಡಿದರೂ ಗಾಲಿ ಹಿಂದಕ್ಕೇ ಜಾರುತ್ತಿತ್ತು. ಕ್ಲಾಸು ಎರಡನೇ ಮಹಡಿಯಲ್ಲಿ. ಕೆಳಗಿನ ರೂಮಿಗೆ ಬದಲಾಯಿಸಿ ಅಂದರೆ ಟೈಮ್‌ಟೇಬಲ್ ಆಗಿಹೋಗಿದೆ ಅಂದರು. ಇದರ ಬಗ್ಗೆಯೂ ಮಾತಾಡಿ.

ನಿವೃತ್ತ ಮೇಷ್ಟ್ರು: ಮಲೆನಾಡಲ್ಲಿ ಪಾಚಿ ಕಟ್ಟದೆ ಇರುತ್ತಾ ತಾಯಿ. ಇರಲಿ, ನೋಟ್ಸ್ ವಿಷಯಕ್ಕೆ ಬರೋಣ. ಪುಸ್ತಕ ಪೂರ್ತಿ ಟೈಪ್ ಮಾಡಿ ಹಂಚಿದರೆ ಕಾಪಿರೈಟ್ ಕೇಸು ಬೀಳುತ್ತೆ. ಫೋಟೊ ಹಾಕೋದು ಅದಕ್ಕೇ.

ಅಡಿಕೆ ಚೊಗರು: ಕಾಪಿರೈಟ್ ಭಯ ಇದ್ದವರು ಫೋಟೊ ಹೇಗೆ ಹಾಕ್ತಾರೆ ಸಾರ್, ಅದೇನು ಪುಸ್ತಕ ಅಲ್ವಾ? 2012ರ ತಿದ್ದುಪಡಿ ಆದಮೇಲೆ ಅಂಗವಿಕಲರಿಗೆ ಓದಲು ಬರುವ ಹಾಗೆ ಪ್ರತಿ ಮಾಡಿಕೊಡೋದು ತಪ್ಪೇ ಅಲ್ಲ. ಕಣ್ಣು ಕಾಣದವರಿಗೂ ಪುಸ್ತಕ ಸಿಗಲಿ ಅಂತ ದೇಶಗಳು ಮಾಡಿಕೊಂಡ ಮರ‍್ರಾಕೇಶ್ ಒಪ್ಪಂದಕ್ಕೆ 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದನೆ ಕೊಟ್ಟ ದೇಶ ನಮ್ಮದು.

ನಿವೃತ್ತ ಮೇಷ್ಟ್ರು: ಒಪ್ಪಂದ ದೆಹಲಿಯಲ್ಲಿ ಆಗುತ್ತೆ. ಟೈಪ್ ಮಾಡೋನು ಇಲ್ಲಿನ ಗೆಸ್ಟ್ ಲೆಕ್ಚರರ್, ಅವನಿಗೆ ಸಂಬಳವೇ ಸರಿಯಾಗಿ ಬರಲ್ಲ.

ತುಂಗೆಯ ದಂಡೆ: ಗೆಸ್ಟ್ ಲೆಕ್ಚರರ್ ಹೊಸದಾಗಿ ಟೈಪ್ ಮಾಡೋದು ಬೇಡ ಸಾರ್! ನುಡಿಯಲ್ಲಿ ಮಾಡಿದ ಮೂಲ ಫೈಲ್ ಕೊಡಲಿ, ಸಾಕು. ನಾವೇ ಯೂನಿಕೋಡಿಗೆ ಕನ್ವರ್ಟ್ ಮಾಡ್ಕೊಳ್ತೀವಿ. ಮೂರನೇ ಘಟಕದ ಫೈಲ್ ಒಂದು ಸಿಕ್ಕಿತ್ತು, ಕನ್ವರ್ಟರಿಗೆ ಹಾಕಿದೆ. ಅರ್ಕಾವತ್ತು ಅಲ್ಲಲ್ಲಿ ಎಗರಿಹೋಗಿದೆ, ಉಳಿದದ್ದನ್ನು ಅವಳು ಓದಿಕೊಂಡಳು.

ಡಿಟಿಪಿ ಅಣ್ಣ: ಅರ್ಕಾವತ್ತು ಎಗರಿಸಿದ್ದು ಕನ್ವರ್ಟರು. ನುಡಿಯಲ್ಲಿ ಸರಿಯಾಗೇ ಇತ್ತು ತಾನೆ?

ಸಾಗರದ ಸಂತು: ಅಣ್ಣ, ಹೊಸ ನುಡಿಯಲ್ಲೇ ಯೂನಿಕೋಡ್ ಇದೆ. ಒಂದ್ಸಲ ಸೆಟ್ಟಿಂಗ್ ತೆಗೆದು ನೋಡಿ.

ಡಿಟಿಪಿ ಅಣ್ಣ: ಹಾಗಾದ್ರೆ ನುಡಿದು ತಪ್ಪಿಲ್ಲ ಅಂತ ನೀನೇ ಒಪ್ಪಿಕೊಂಡೆ.